ಹದಿನೆಂಟಕ್ಕೆ ಕೆಲಸ, ಮೂವತ್ತರ ಆಸುಪಾಸಿಗೆ ನಿವೃತ್ತಿ: ಆಸ್ಟ್ರೇಲಿಯನ್ ಫುಟ್‌ಬಾಲ್ ಆಟಗಾರನ ಬದುಕು

ಸೆಪ್ಟೆಂಬರ್ ಕೊನೆಯ ಶುಕ್ರವಾರ ಬೆಳಿಗ್ಗೆ ಮೆಲ್ಬರ್ನ್‌ನಿಂದ ಊರಿಗೆ ಫೋನ್ ಮಾಡಿದರೆ ಅಮ್ಮನಿಗೆ ಆಶ್ಚರ್ಯ. "ಇವತ್ತು ಕೆಲಸ ಇಲ್ವೇನೋ? ಅಲ್ಲಿ ಯಾವ ಹಬ್ಬ?" ಹಬ್ಬ ಅಲ್ಲಮ್ಮ, ನಾಳೆ ಫುಟ್‌ಬಾಲ್ ಫೈನಲ್ ಇದೆ, ಅದಕ್ಕೇ ಇಡೀ ರಾಜ್ಯಕ್ಕೆ ರಜೆ ಅಂದರೆ ನಂಬುವುದು ಕಷ್ಟ. ಆದರೆ ನಿಜ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಫೈನಲ್‌ನ ಹಿಂದಿನ ದಿನ 2015ರಿಂದ ಸರ್ಕಾರಿ ರಜೆ ಇದೆ.

ಇಲ್ಲಿಗೆ ಬಂದವರಿಗೆ ಮೊದಲ ವಾರವೇ ಎದುರಾಗುವ ಪ್ರಶ್ನೆ: "ನಿಮ್ಮ ಟೀಮ್ ಯಾವುದು?" ಆಫೀಸಿನಲ್ಲಿ ಕೇಳುತ್ತಾರೆ, ಪಕ್ಕದ ಮನೆಯವರು ಕೇಳುತ್ತಾರೆ. ನನ್ನ ಮಗಳು ಶಾಲೆಗೆ ಸೇರಿದ ಕೆಲವೇ ದಿನಕ್ಕೆ ಇದೇ ಪ್ರಶ್ನೆ ಹೊತ್ತು ಮನೆಗೆ ಬಂದಳು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ: "ಅಪ್ಪ, ದೊಡ್ಡವಳಾದ ಮೇಲೆ ನಾನು ಇದನ್ನೇ ಕೆಲಸ ಮಾಡಬಹುದಾ?"

ಒಳ್ಳೆಯ ಪ್ರಶ್ನೆ ಅಲ್ವಾ? ಇದು ಎಂಥ ಕೆಲಸ, ಹೇಗೆ ಸಿಗುತ್ತದೆ, ಎಷ್ಟು ವರ್ಷ ಇರುತ್ತದೆ? ಸಿಡ್ನಿ, ಅಡಿಲೇಡ್, ಪರ್ತ್‌ನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡಿಗರಿಗೂ, ಅವರ ಮೊಮ್ಮಕ್ಕಳ ಫೋಟೋಗಳನ್ನು ಊರಲ್ಲಿ ಕೂತು ನೋಡುವ ಅಜ್ಜ ಅಜ್ಜಿಯರಿಗೂ ಅರ್ಥವಾಗುವ ಹಾಗೆ ಬುಡದಿಂದ ಹೇಳಲು ಪ್ರಯತ್ನಿಸುತ್ತೇನೆ.

ಮೊದಲು, ಆಟ ಯಾವುದು?

ಫುಟ್‌ಬಾಲ್ ಅಂದ ತಕ್ಷಣ ಮೆಸ್ಸಿ ನೆನಪಾದರೆ ಅವರನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇಲ್ಲಿನವರು ಪ್ರೀತಿಯಿಂದ 'ಫುಟಿ' ಅನ್ನುವ ಈ ಆಟವೇ ಬೇರೆ. ಚೆಂಡು ಗುಂಡಗಿಲ್ಲ. ಸಿಪ್ಪೆ ಸುಲಿಯದ ತೆಂಗಿನಕಾಯಿಯ ಹಾಗೆ ಉದ್ದಕ್ಕಿದೆ. ಮೈದಾನ ಕ್ರಿಕೆಟ್‌ನದ್ದೇ. ಒಂದು ತಂಡದಿಂದ 18 ಜನ ಒಳಗಿರುತ್ತಾರೆ, ಉಳಿದವರು ಬೆಂಚಿನಲ್ಲಿ ಕೂತು ಸರದಿಯ ಮೇಲೆ ಒಳಗೆ ಹೋಗಿ ಬರುತ್ತಾರೆ. ನಾಲ್ಕು ಕ್ವಾರ್ಟರ್‌ಗಳು. ಒಂದೊಂದು 20 ನಿಮಿಷ, ನಡುವೆ ನಿಂತ ಹೊತ್ತನ್ನೂ ಸೇರಿಸಿದರೆ ಅರ್ಧ ಗಂಟೆಯ ಹತ್ತಿರ.

ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು. ಆದರೆ 15 ಮೀಟರ್‌ಗೊಮ್ಮೆ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ತಾಗಿಸಬೇಕು. ಎಸೆಯುವಂತಿಲ್ಲ. ಒದೆಯಬೇಕು, ಅಥವಾ ಒಂದು ಅಂಗೈಯ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ಕಳಿಸಬೇಕು. 15 ಮೀಟರ್‌ಗಿಂತ ಜಾಸ್ತಿ ದೂರ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮುಂಚೆ ಹಿಡಿದರೆ ಅದಕ್ಕೆ 'ಮಾರ್ಕ್' ಅನ್ನುತ್ತಾರೆ. ಹಿಡಿದವನಿಗೆ ನೆಮ್ಮದಿಯಾಗಿ ನಿಂತು ಒದೆಯುವ ಅವಕಾಶ ಸಿಗುತ್ತದೆ. ಒಬ್ಬ ಆಟಗಾರ ಇನ್ನೊಬ್ಬನ ಬೆನ್ನು ಹತ್ತಿ, ಭುಜಕ್ಕೆ ಮಂಡಿ ಕೊಟ್ಟು ಗಾಳಿಯಲ್ಲಿ ಚೆಂಡು ಹಿಡಿಯುವುದನ್ನು ಮೊದಲ ಸಲ ನೋಡಿದಾಗ ನಾನು ಕೂತ ಕುರ್ಚಿಯಿಂದ ಎದ್ದುಬಿಟ್ಟಿದ್ದೆ.

ಮೈದಾನದ ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ನಡುವೆ ಒದ್ದರೆ ಗೋಲು, 6 ಅಂಕ. ಸ್ವಲ್ಪ ತಪ್ಪಿ ಪಕ್ಕದ ಗಿಡ್ಡ ಕಂಬದ ಒಳಗೆ ಹೋದರೆ 'ಬಿಹೈಂಡ್', 1 ಅಂಕ. ಹಾಗಾಗಿ ಗುರಿ ತಪ್ಪಿದರೂ ಏನೋ ಒಂದು ಸಿಗುತ್ತದೆ. 2023ರ ಫೈನಲ್‌ನಲ್ಲಿ ಬ್ರಿಸ್ಬೇನ್ 13 ಗೋಲು, 8 ಬಿಹೈಂಡ್ ಮಾಡಿತು. ಕಾಲಿಂಗ್‌ವುಡ್ 12 ಗೋಲು, 18 ಬಿಹೈಂಡ್. ಈಗ ಲೆಕ್ಕ ಹಾಕಿ. 86ಕ್ಕೆ 90. ಗೋಲು ಜಾಸ್ತಿ ಹೊಡೆದ ತಂಡವೇ ಸೋತಿತು.

ಆಟ ಹುಟ್ಟಿದ್ದೇ ಕ್ರಿಕೆಟ್‌ನ ನೆರಳಿನಲ್ಲಿ. 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡ್ಡುಗಟ್ಟಬಾರದು, ಅದಕ್ಕೊಂದು ಫುಟ್‌ಬಾಲ್ ಕ್ಲಬ್ ಬೇಕು ಎಂದು ಮೆಲ್ಬರ್ನ್‌ನ ಪತ್ರಿಕೆಗೆ ಪತ್ರ ಬರೆದ. ಮರುವರ್ಷ ನಿಯಮಗಳು ಸಿದ್ಧವಾದವು. ಇವತ್ತಿಗೂ ಬೇಸಿಗೆ ಕ್ರಿಕೆಟ್‌ಗೆ, ಚಳಿಗಾಲ ಫುಟಿಗೆ. ನಮ್ಮ ಕೆ.ಎಲ್. ರಾಹುಲ್ 2014ರಲ್ಲಿ, ಮಯಾಂಕ್ ಅಗರ್ವಾಲ್ 2018ರಲ್ಲಿ ಮೊದಲ ಟೆಸ್ಟ್ ಆಡಿದ್ದು ಮೆಲ್ಬರ್ನ್‌ನ ಎಂಸಿಜಿ ಮೈದಾನದಲ್ಲಿ. ಅವರು ನಿಂತು ಬ್ಯಾಟ್ ಮಾಡಿದ ಪಿಚ್ ಬೇರೆ ಕಡೆ ಬೆಳೆಸಿ ತಂದು ಇಳಿಸಿದ್ದು. ಯಾಕೆಂದರೆ ಚಳಿಗಾಲವೆಲ್ಲ ಆ ಜಾಗದಲ್ಲಿ ಫುಟಿ ಆಟಗಾರರು ಓಡುತ್ತಾರೆ, ಉರುಳಾಡುತ್ತಾರೆ.

ಕೆಲಸ ಸಿಗುವುದು ಹೇಗೆ?

ದೊಡ್ಡ ಲೀಗ್‌ನ ಹೆಸರು ಎಎಫ್‌ಎಲ್. ಈಗ 18 ತಂಡಗಳಿವೆ. ಟಾಸ್ಮೇನಿಯಾ 2028ರಲ್ಲಿ 19ನೆಯದಾಗಿ ಸೇರಬೇಕಿದೆ. ಈ ತಂಡಗಳಿಗೆ ಅರ್ಜಿ ಹಾಕಿ ಸೇರುವ ಹಾಗಿಲ್ಲ. ಬಹುತೇಕ ಎಲ್ಲರಿಗೂ ದಾರಿ ಒಂದೇ: ಡ್ರಾಫ್ಟ್.

ಡ್ರಾಫ್ಟ್ ಅಂದರೆ ಏನು? ನಮ್ಮ ಸಿಇಟಿ ಸೀಟು ಹಂಚಿಕೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಒಳ್ಳೆಯ ರ‍್ಯಾಂಕ್ ಬಂದ ಹುಡುಗ ತನಗೆ ಬೇಕಾದ ಕಾಲೇಜು ಮೊದಲು ಆರಿಸಿಕೊಳ್ಳುತ್ತಾನೆ. ಇಲ್ಲಿ ಅದು ಪೂರ್ತಿ ತಲೆಕೆಳಗು. ಹುಡುಗ ಆರಿಸುವುದಿಲ್ಲ, ಕಾಲೇಜು ಹುಡುಗನನ್ನು ಆರಿಸುತ್ತದೆ. ಅದೂ ಆ ವರ್ಷ ಎಲ್ಲಕ್ಕಿಂತ ಕೆಟ್ಟ ಫಲಿತಾಂಶ ಬಂದ ಕಾಲೇಜಿಗೆ ಮೊದಲ ಸರದಿ. ಗೆದ್ದ ತಂಡ ಕೊನೆಗೆ. ಐಪಿಎಲ್ ಹರಾಜಿನ ಹಾಗೆ ಇಲ್ಲಿ ಬೆಲೆ ಕೂಗುವುದಿಲ್ಲ.

ಹೀಗೇಕೆ? ಹಣವಿರುವ ನಾಲ್ಕೈದು ಕ್ಲಬ್‌ಗಳೇ ಒಳ್ಳೆಯ ಹುಡುಗರನ್ನೆಲ್ಲ ಬಾಚಿಕೊಂಡರೆ ಉಳಿದವರ ಪಂದ್ಯ ನೋಡಲು ಯಾರೂ ಬರುವುದಿಲ್ಲ. ಸೋತವನಿಗೆ ಏಳಲು ಒಂದು ಕೈ ಕೊಡಬೇಕು. ಅದಕ್ಕಾಗಿ 1986ರಲ್ಲಿ ರಾಷ್ಟ್ರೀಯ ಡ್ರಾಫ್ಟ್ ಶುರುವಾಯಿತು.

ಅದು ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಒಬ್ಬ ಆಟಗಾರನ ಕಥೆ ಹಿಡಿದುಕೊಳ್ಳೋಣ. ಲ್ಯಾನ್ಸ್ ಫ್ರಾಂಕ್ಲಿನ್. ಇಡೀ ದೇಶಕ್ಕೆ ಅವರು 'ಬಡ್ಡಿ' (Buddy). ಹುಟ್ಟಿದ್ದು 1987ರಲ್ಲಿ. ಊರು ಪಶ್ಚಿಮ ಆಸ್ಟ್ರೇಲಿಯಾದ ಡೌರಿನ್. ಪರ್ತ್‌ನಿಂದ ಒಳಗೆ, ಗೋಧಿ ಹೊಲಗಳ ನಡುವಿನ ಪುಟ್ಟ ಊರು. ಈ ನೆಲದ ಮೂಲನಿವಾಸಿಗಳಾದ ನೂಂಗಾರ್ ಜನಾಂಗದವರು. ಎತ್ತರ ಎರಡು ಮೀಟರ್ ಹತ್ತಿರ, ಒದೆಯುವುದು ಎಡಗಾಲಿನಿಂದ.

2004ರ ಡ್ರಾಫ್ಟ್‌ಗೆ ಹೆಸರು ಕೊಟ್ಟಾಗ ಅವರಿಗೆ 17 ವರ್ಷ. ಆ ವರ್ಷ ರಿಚ್ಮಂಡ್ ಕೊನೆಯ ಸ್ಥಾನ, ಹಾಥಾರ್ನ್ ಕೊನೆಯಿಂದ ಎರಡನೆಯದು. ಮೊದಲ ಆಯ್ಕೆ ರಿಚ್ಮಂಡ್ ಮಾಡಿಯಾಗಿತ್ತು, ನಾಲ್ಕನೇ ಆಯ್ಕೆಯೂ ಅವರದೇ. ಅವರು ಬೇರೊಬ್ಬ ಹುಡುಗನನ್ನು ಆರಿಸಿದರು. ಐದನೇ ಸರದಿ ಬಂದ ಹಾಥಾರ್ನ್ ಫ್ರಾಂಕ್ಲಿನ್ ಹೆಸರು ಹೇಳಿತು. ಅದೇ ಡ್ರಾಫ್ಟ್‌ನಲ್ಲಿ ಜಾರಿಡ್ ರಫ್‌ಹೆಡ್, ಜೋರ್ಡನ್ ಲೂಯಿಸ್ ಕೂಡ ಹಾಥಾರ್ನ್‌ಗೆ ಸಿಕ್ಕರು. ನಾಲ್ಕೇ ವರ್ಷಕ್ಕೆ, 2008ರಲ್ಲಿ, ಆ ತಂಡ ಚಾಂಪಿಯನ್. ತಳದಲ್ಲಿದ್ದವನು ಮೇಲೇಳಲಿ ಎಂಬ ಲೆಕ್ಕಾಚಾರ ಕೈ ಹಿಡಿದದ್ದು ಹೀಗೆ. ರಿಚ್ಮಂಡ್ ಅಭಿಮಾನಿಗಳು ಆ ನಾಲ್ಕನೇ ಆಯ್ಕೆಯ ಮಾತನ್ನು ಈಗಲೂ ಎತ್ತುತ್ತಾರೆ.

ವರ್ಷಕ್ಕೆ ಹೀಗೆ ಆಯ್ಕೆಯಾಗುವವರು ಸುಮಾರು 60ರಿಂದ 70 ಹುಡುಗರು, ಅಷ್ಟೇ. ಅದಕ್ಕೂ ಮುಂಚೆ ಓಟ, ನೆಗೆತ, 2 ಕಿಲೋಮೀಟರ್ ಪರೀಕ್ಷೆ, ಕ್ಲಬ್‌ಗಳ ಜೊತೆ ಸಂದರ್ಶನ ಎಲ್ಲ ನಡೆದಿರುತ್ತದೆ. ಒಂದು ವಿನಾಯಿತಿಯೂ ಇದೆ. ಅಪ್ಪ ಒಂದು ಕ್ಲಬ್‌ಗೆ 100 ಅಥವಾ ಅದಕ್ಕಿಂತ ಹೆಚ್ಚು ಪಂದ್ಯ ಆಡಿದ್ದರೆ ಮಗನನ್ನು ಪಡೆಯುವಲ್ಲಿ ಆ ಕ್ಲಬ್‌ಗೇ ಆದ್ಯತೆ. ಕಾಲಿಂಗ್‌ವುಡ್‌ನ ನಿಕ್ ಡೈಕೋಸ್ ಬಂದದ್ದು ಈ ದಾರಿಯಲ್ಲಿ. ಅವರ ಅಪ್ಪ ಪೀಟರ್ ಡೈಕೋಸ್ ಅದೇ ಕ್ಲಬ್‌ನ ದೊಡ್ಡ ಹೆಸರು.

ಮನೆ ಬಿಡುವ ಹುಡುಗ

ಡ್ರಾಫ್ಟ್‌ನಲ್ಲಿ ನನಗೆ ಮನಸ್ಸಿಗೆ ತಾಗುವುದು ಇದು. ಪರ್ತ್‌ನ ಹುಡುಗನ ಹೆಸರನ್ನು ಮೆಲ್ಬರ್ನ್ ತಂಡ ಕೂಗಿದರೆ ಅವನು ಹೊರಡಬೇಕು. ನಡುವೆ ನಾಲ್ಕು ಗಂಟೆಯ ವಿಮಾನದ ದಾರಿ. ಪಿಯುಸಿ ಮುಗಿಸಿದ ವಯಸ್ಸು. ಕೆಲವೇ ದಿನಗಳಲ್ಲಿ ಹೊಸ ಊರಲ್ಲಿ ತರಬೇತಿ ಶುರು. ಬಟ್ಟೆ ಒಗೆಯುವುದು, ಅಡುಗೆ ಮಾಡಿಕೊಳ್ಳುವುದು ಇನ್ನೂ ಬರದ ಹುಡುಗನನ್ನು ಕ್ಲಬ್ ಬಹಳ ಸಲ ಯಾವುದಾದರೂ ಕುಟುಂಬದ ಮನೆಯಲ್ಲಿ ಇರಿಸುತ್ತದೆ. ನಮ್ಮಲ್ಲಿ ಹಳ್ಳಿಯಿಂದ ಓದಲು ಬೆಂಗಳೂರಿಗೆ ಬಂದು ಚಿಕ್ಕಪ್ಪನ ಮನೆಯಲ್ಲಿ ಉಳಿಯುತ್ತಿದ್ದರಲ್ಲ, ಹಾಗೆ. ವ್ಯತ್ಯಾಸವೆಂದರೆ ಇವನಿಗೆ ಆ ಮನೆಯವರು ಯಾರೂ ಗೊತ್ತಿರುವುದಿಲ್ಲ.

ಮೂಲನಿವಾಸಿ ಸಮುದಾಯದ ಹುಡುಗರಿಗೆ ಇದು ಇನ್ನೂ ಕಷ್ಟ, ಏಕೆಂದರೆ ಅವರ ಬದುಕಿನಲ್ಲಿ ಊರಿನ ನೆಲ, ಬಂಧು ಬಳಗ ಎರಡೂ ಬಹಳ ದೊಡ್ಡವು. ಅದರ ಮೇಲೆ ಪ್ರೇಕ್ಷಕರ ಗ್ಯಾಲರಿಯಿಂದ ಬಣ್ಣದ ಬೈಗುಳ. 1993ರಲ್ಲಿ ನಿಕಿ ವಿನ್ಮಾರ್ ಎಂಬ ಆಟಗಾರ ಹಾಗೆ ಬೈದವರ ಮುಂದೆ ನಿಂತು, ಅಂಗಿ ಎತ್ತಿ, ತನ್ನ ಚರ್ಮದ ಕಡೆ ಬೆರಳು ತೋರಿಸಿದರು. ಆ ಫೋಟೋ ಈ ದೇಶದ ಆಟದ ಚರಿತ್ರೆಯಲ್ಲೇ ದೊಡ್ಡದು. ಬೈಗುಳ ಪೂರ್ತಿ ನಿಂತಿಲ್ಲ.

ಒಂದು ವಾರ ಹೇಗೆ ಕಳೆಯುತ್ತದೆ?

ಪಂದ್ಯ ವಾರಕ್ಕೊಂದೇ. ಹಾಗಾದರೆ ಉಳಿದ ಆರು ದಿನ ಆರಾಮ ಅಂದುಕೊಂಡಿದ್ದೆ. ಹಾಗಲ್ಲ. ಪಂದ್ಯದ ಮರುದಿನ ಮೈಯ ರಿಪೇರಿ: ಈಜುಕೊಳ, ಐಸ್ ನೀರು, ಮಸಾಜ್. ಆಮೇಲೆ ಕೋಚ್ ಜೊತೆ ಕೂತು ಪಂದ್ಯದ ವಿಡಿಯೋ. ಎಲ್ಲಿ ನಿಂತಿರಬೇಕಿತ್ತು, ಎಲ್ಲಿ ನಿಂತಿದ್ದೆ ಎಂದು ಎಲ್ಲರ ಎದುರೇ ತೋರಿಸುತ್ತಾರೆ. ವಾರದ ನಡುವೆ ಜಿಮ್, ದೊಡ್ಡ ತರಬೇತಿ. ಬೆನ್ನಿಗೆ ಜಿಪಿಎಸ್ ಕಟ್ಟಿರುತ್ತದೆ. ಎಷ್ಟು ಓಡಿದ, ಎಷ್ಟು ವೇಗದಲ್ಲಿ ಓಡಿದ ಎಲ್ಲ ದಾಖಲಾಗುತ್ತದೆ. ಮೈದಾನದ ನಡುಭಾಗದಲ್ಲಿ ಆಡುವವರು ಒಂದು ಪಂದ್ಯದಲ್ಲಿ 12ರಿಂದ 15 ಕಿಲೋಮೀಟರ್ ಓಡುತ್ತಾರೆ. ನಡುವೆ ಡಿಕ್ಕಿ, ಬೀಳುವುದು, ಏಳುವುದು ಬೇರೆ.

ಕ್ಲಬ್‌ನ ಪಟ್ಟಿಯಲ್ಲಿ 40ಕ್ಕೂ ಹೆಚ್ಚು ಆಟಗಾರರಿರುತ್ತಾರೆ. ಆ ವಾರದ ಪಂದ್ಯಕ್ಕೆ ಬೇಕಾದದ್ದು 23. ಉಳಿದವರು ಕೆಳಗಿನ ಲೀಗ್‌ನಲ್ಲಿ, ಕೆಲವು ನೂರು ಜನರ ಎದುರು ಆಡುತ್ತಾರೆ. ಟೀವಿಯಲ್ಲಿ ಕಾಣುವುದು ಆ 23 ಜನ ಮಾತ್ರ. ಪಂದ್ಯಗಳು ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ. ನವೆಂಬರ್‌ಗೆ ಮತ್ತೆ ಓಟ ಶುರು, ಇಲ್ಲಿನ ಬಿರುಬೇಸಿಗೆಯಲ್ಲಿ.

ಇಷ್ಟೆಲ್ಲದರ ತಳಪಾಯ ಒಂದೇ ಒದೆತ. ಅದನ್ನು ಹತ್ತಿರದಿಂದ ನೋಡಿದ್ದು ಮಗಳ ಆಸ್‌ಕಿಕ್ ಕ್ಲಾಸಿನಲ್ಲಿ. ಆಸ್‌ಕಿಕ್ ಅಂದರೆ ಪುಟ್ಟ ಮಕ್ಕಳಿಗೆ ಈ ಆಟ ಕಲಿಸುವ ಬಡಾವಣೆ ಮಟ್ಟದ ತರಬೇತಿ. ಶನಿವಾರ ಬೆಳಿಗ್ಗೆ, ಹುಲ್ಲಿನ ಮೇಲೆ ಇನ್ನೂ ಇಬ್ಬನಿ. ಕಲಿಸುವವರು ಚೆಂಡನ್ನು ನೆಟ್ಟಗೆ ನಿಲ್ಲಿಸಿ ಎರಡೂ ಕೈಯಲ್ಲಿ ಹಿಡಿಸಿದರು. "ಎಸೆಯಬೇಡ, ಸುಮ್ನೆ ಬಿಡು" ಅಂದರು. ಚೆಂಡು ನೇರ ಕೆಳಗೆ ಬೀಳಬೇಕು, ನೆಲ ತಲುಪುವ ಮುಂಚೆ ಅದರ ಕೆಳತುದಿಗೆ ಪಾದದ ಮೇಲ್ಭಾಗ ತಾಗಬೇಕು. ಸರಿಯಾಗಿ ತಾಗಿದರೆ ಚೆಂಡು ಹಿಂದಕ್ಕೆ ಲಾಗ ಹಾಕುತ್ತಾ ಗೆರೆ ಎಳೆದ ಹಾಗೆ ಹೋಗುತ್ತದೆ. ಬಿಡುವಾಗ ಕೈ ಒಂದು ಚೂರು ವಾಲಿದರೂ ಓರೆಯಾಗಿ ಹಾರುತ್ತದೆ. ಇದಕ್ಕೆ 'ಡ್ರಾಪ್ ಪಂಟ್' ಎಂದು ಹೆಸರು. ಮಗಳಿಗೆ ಅದು ಕೂಡಿಬಂದದ್ದು ಆರನೇ ವಾರ.

ಸಂಬಳ ಎಷ್ಟು?

ಡ್ರಾಫ್ಟ್ ಆದ ಹುಡುಗನಿಗೆ ಮೊದಲ ಎರಡು ಮೂರು ವರ್ಷದ ಕರಾರು ಸಿಗುತ್ತದೆ. ಆಮೇಲೆ ಆಟ ನೋಡಿ ಹೊಸ ಕರಾರು. ಪ್ರತಿ ಕ್ಲಬ್ ತನ್ನ ಎಲ್ಲ ಆಟಗಾರರಿಗೆ ಸೇರಿ ಇಷ್ಟೇ ಕೊಡಬಹುದು ಎಂಬ ಮಿತಿ ಇದೆ. ಐಪಿಎಲ್ ತಂಡಗಳಿಗೆ ಹರಾಜಿನಲ್ಲಿ ಇಂತಿಷ್ಟೇ ಹಣ ಅಂತ ಇರುತ್ತದಲ್ಲ, ಅದೇ ಲೆಕ್ಕ. ಒಬ್ಬನಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬನ ಪಾಲು ಕಡಿಮೆಯಾಗುತ್ತದೆ.

2023ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದ ಪ್ರಕಾರ ಪುರುಷ ಆಟಗಾರರ ಸರಾಸರಿ ವಾರ್ಷಿಕ ಗಳಿಕೆ 2027ಕ್ಕೆ ಸುಮಾರು 5 ಲಕ್ಷ 19 ಸಾವಿರ ಆಸ್ಟ್ರೇಲಿಯನ್ ಡಾಲರ್ ಮುಟ್ಟಬೇಕು. ದೊಡ್ಡ ಮೊತ್ತವೇ. ಆದರೆ ಸರಾಸರಿ ಅನ್ನುವುದು ಮೇಲಿನವರನ್ನೂ ಕೆಳಗಿನವರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಹೇಳುವ ಮಾತು. ಎರಡು ವರ್ಷಕ್ಕೆ ಹೊರಬಿದ್ದ ಹುಡುಗ ಆ ಅಂಕಿಯ ಹತ್ತಿರಕ್ಕೂ ಹೋಗಿರುವುದಿಲ್ಲ.

ತಂಡ ಬದಲಿಸಬಹುದಾ? ಅಕ್ಟೋಬರ್‌ನಲ್ಲಿ ಕ್ಲಬ್‌ಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಬಹಳ ವರ್ಷ ಒಂದೇ ಕ್ಲಬ್‌ಗೆ ದುಡಿದವನಿಗೆ ತಾನೇ ಆರಿಸಿಕೊಂಡು ಹೋಗುವ ಹಕ್ಕು ಬಂದದ್ದು 2012ರಲ್ಲಿ. 'ಫ್ರೀ ಏಜೆನ್ಸಿ' ಅನ್ನುತ್ತಾರೆ. 17ರಲ್ಲಿ ಬೇರೆಯವರು ಆರಿಸಿದ ಫ್ರಾಂಕ್ಲಿನ್‌ಗೆ ಸ್ವಂತ ಆಯ್ಕೆ ಸಿಕ್ಕಿದ್ದು 2013ರ ಕೊನೆಗೆ, 26ನೇ ವಯಸ್ಸಿನಲ್ಲಿ. ಅವರು ಸಿಡ್ನಿ ಸ್ವಾನ್ಸ್ ಸೇರಿದರು. ಒಂಬತ್ತು ವರ್ಷ, 1 ಕೋಟಿ ಡಾಲರ್. ಅಷ್ಟು ಉದ್ದದ ಕರಾರು ನೋಡಿ ದೇಶವೇ ಬೆರಗಾಯಿತು. 35 ವರ್ಷದವರೆಗೆ ಈ ದೇಹ ತಡೆಯುತ್ತದಾ ಎಂಬುದೇ ಎಲ್ಲರ ಪ್ರಶ್ನೆ.

ದೇಹ ಕೊಡುವ ಬೆಲೆ

ಈ ಆಟದಲ್ಲಿ ಪೆಟ್ಟು ಎಲ್ಲ ದಿಕ್ಕಿನಿಂದ ಬರುತ್ತದೆ. ಹೆಲ್ಮೆಟ್ ಇಲ್ಲ, ಪ್ಯಾಡ್ ಇಲ್ಲ. ಓಡುವಾಗ ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಸ್ನಾಯು ಹರಿಯುತ್ತದೆ. ನೆಗೆದು ಇಳಿಯುವಾಗ ಮಂಡಿ ತಿರುಚಿ ಎಸಿಎಲ್ ಹರಿಯುತ್ತದೆ. ಎಸಿಎಲ್ ಅಂದರೆ ತೊಡೆ ಮೂಳೆಯನ್ನೂ ಕಾಲಿನ ಮೂಳೆಯನ್ನೂ ಮಂಡಿಯೊಳಗೆ ಬಿಗಿದಿಡುವ ಹಗ್ಗದಂಥ ನಾರು. ಅದು ಹರಿದರೆ ಆಪರೇಷನ್, ಸುಮಾರು ಒಂದು ವರ್ಷ ಮನೆ.

ಎಲ್ಲಕ್ಕಿಂತ ದೊಡ್ಡ ಚಿಂತೆ ತಲೆ. ಡಿಕ್ಕಿಯಲ್ಲಿ ಮಿದುಳು ಬುರುಡೆಯೊಳಗೆ ಅಲುಗಾಡುತ್ತದೆ. ಡಬ್ಬಿಯೊಳಗಿನ ಮೊಸರನ್ನು ಜೋರಾಗಿ ಕುಲುಕಿದ ಹಾಗೆ, ಹೊರಗೆ ಏನೂ ಕಾಣುವುದಿಲ್ಲ. ಇದು ಕನ್ಕಷನ್. ಹೀಗಾದವನು ಈಗಿನ ನಿಯಮದಂತೆ ಕನಿಷ್ಠ 12 ದಿನ ಪಂದ್ಯ ಆಡುವಂತಿಲ್ಲ. ವರ್ಷಗಟ್ಟಲೆ ಪೆಟ್ಟು ಬಿದ್ದರೆ ಸಿಟಿಇ ಎಂಬ ಮಿದುಳಿನ ಕಾಯಿಲೆ ಬರಬಹುದು. ಮರೆವು, ಸಿಟ್ಟು, ಖಿನ್ನತೆ ಕಾಣಿಸಿಕೊಳ್ಳಬಹುದು. ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಿದರೆ ಮಾತ್ರ ಅದು ಖಚಿತವಾಗುತ್ತದೆ. ಹಳೆಯ ಕಾಲದ ಮಹಾನ್ ಆಟಗಾರ ಪಾಲಿ ಫಾರ್ಮರ್ ಅವರಿಗೆ ಅದು ಇತ್ತೆಂದು 2020ರಲ್ಲಿ ತಿಳಿಯಿತು. ಡ್ಯಾನಿ ಫ್ರಾಲಿ, ಶೇನ್ ಟಕ್ ಅವರ ಮಿದುಳಲ್ಲೂ ಕಂಡುಬಂತು. ಮೆಲ್ಬರ್ನ್ ತಂಡದ ಆಂಗಸ್ ಬ್ರೇಶಾ 2024ರಲ್ಲಿ ವೈದ್ಯರ ಮಾತಿನಂತೆ ಆಟ ಬಿಟ್ಟರು. ಆಗ ಅವರಿಗೆ ಬರೀ 28. ಆಟ ಬಿಡಲು ಹೇಳಿದ ವೈದ್ಯರೂ, ಅದನ್ನು ಕೇಳಿದ ಆಟಗಾರನೂ ಸರಿಯಾದದ್ದನ್ನೇ ಮಾಡಿದರು ಎಂದು ನನಗನ್ನಿಸುತ್ತದೆ.

ಮನಸ್ಸಿಗೂ ಪೆಟ್ಟು ಬೀಳುತ್ತದೆ. 2015ರ ಸೆಪ್ಟೆಂಬರ್, ನಾಕೌಟ್ ಪಂದ್ಯಗಳ ಹೊತ್ತು. ಅತಿ ಹೆಚ್ಚು ಸಂಬಳದ ಆಟಗಾರರಲ್ಲಿ ಒಬ್ಬರಾದ ಫ್ರಾಂಕ್ಲಿನ್ ಮಾನಸಿಕ ಆರೋಗ್ಯದ ಕಾರಣಕ್ಕೆ ರಜೆ ತೆಗೆದುಕೊಂಡರು. ಕ್ಲಬ್ ಅದನ್ನು ಮುಚ್ಚಿಡದೆ ಹೇಳಿತು. ಮರುವರ್ಷ ಅವರು ಮರಳಿ ಬಂದು ಫೈನಲ್‌ವರೆಗೂ ಆಡಿದರು.

ಹೆಣ್ಣುಮಕ್ಕಳು ಆಡಬಹುದಾ?

ಮಗಳ ಪ್ರಶ್ನೆಗೆ ಉತ್ತರ: ಹೌದು. ಮಹಿಳೆಯರ ಎಎಫ್‌ಎಲ್‌ಡಬ್ಲ್ಯೂ 2017ರಲ್ಲಿ 8 ತಂಡಗಳೊಂದಿಗೆ ಶುರುವಾಯಿತು. 2022ರಿಂದ 18 ಕ್ಲಬ್‌ಗಳಿಗೂ ಮಹಿಳಾ ತಂಡವಿದೆ. ಬಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಹೆಸರು ಮಾಡಿದ್ದ ಎರಿನ್ ಫಿಲಿಪ್ಸ್ ಮೊದಲ ವರ್ಷದ ಅತ್ಯುತ್ತಮ ಆಟಗಾರ್ತಿಯಾದರು. ಆದರೆ ಸೀಸನ್ ಚಿಕ್ಕದು, ಸಂಬಳವೂ ಕಡಿಮೆ. ಅದೇ 2023ರ ಒಪ್ಪಂದದಲ್ಲಿ ಅವರ ಸರಾಸರಿ 2027ಕ್ಕೆ 82 ಸಾವಿರ ಡಾಲರ್. ಹಾಗಾಗಿ ಶಿಕ್ಷಕಿ, ನರ್ಸ್ ಕೆಲಸ ಮಾಡುತ್ತಲೇ ಸಂಜೆ ತರಬೇತಿಗೆ ಬರುವವರು ಇನ್ನೂ ಇದ್ದಾರೆ.

ಮುಗಿಯುವುದು ಹೇಗೆ?

ಒಳ್ಳೆಯ ರೀತಿಯ ಬೀಳ್ಕೊಡುಗೆ ಹೀಗಿರುತ್ತದೆ: ಕೊನೆಯ ಪಂದ್ಯ ಮುಗಿದ ಮೇಲೆ ಇಬ್ಬರು ಜೊತೆಗಾರರು ಆಟಗಾರನನ್ನು ಹೆಗಲ ಮೇಲೆ ಕೂರಿಸಿ ಹೊರಗೆ ಕರೆದೊಯ್ಯುತ್ತಾರೆ. ಎದುರಾಳಿಗಳೂ ಸಾಲಾಗಿ ನಿಂತು ಚಪ್ಪಾಳೆ ಹೊಡೆಯುತ್ತಾರೆ. ಬಹುಪಾಲು ಆಟಗಾರರಿಗೆ ಇದು ಸಿಗುವುದಿಲ್ಲ. ಸೀಸನ್ ಮುಗಿದ ಮೇಲೆ ಕೋಚ್ ಕೋಣೆಗೆ ಕರೆದು, ಮುಂದಿನ ವರ್ಷ ನಿನಗೆ ಕರಾರು ಇಲ್ಲ ಅನ್ನುತ್ತಾರೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ನಾರ್ತ್ ಮೆಲ್ಬರ್ನ್‌ನ ಬ್ರೆಂಟ್ ಹಾರ್ವೆ 2016ರಲ್ಲಿ ಅತಿ ಹೆಚ್ಚು ಪಂದ್ಯಗಳ ದಾಖಲೆ ಮುರಿದರು. ಅದೇ ವರ್ಷ, 38ನೇ ವಯಸ್ಸಿನಲ್ಲಿ, ಕ್ಲಬ್ ಹೊಸ ಕರಾರು ಕೊಡಲಿಲ್ಲ. 432 ಪಂದ್ಯಕ್ಕೆ ನಿಂತಿತು.

ಫ್ರಾಂಕ್ಲಿನ್ ಆ ಒಂಬತ್ತು ವರ್ಷದ ಕರಾರು ಮುಗಿಸಿದರು. 2020ರಲ್ಲಿ ಗಾಯದಿಂದ ಒಂದೂ ಪಂದ್ಯ ಆಡಲಾಗಲಿಲ್ಲ, ಆದರೂ ಮರಳಿದರು. 2022ರ ಮಾರ್ಚ್ 25, ಶುಕ್ರವಾರ ರಾತ್ರಿ, ಸಿಡ್ನಿ ಕ್ರಿಕೆಟ್ ಮೈದಾನ. 1,000 ಗೋಲಿಗೆ ಒಂದೇ ಬಾಕಿ. ಆಗ ಅವರಿಗೆ 35. ಅವರ ಓಟ ನೇರ ಅಲ್ಲ; ಎಡಕ್ಕೆ ಬಿಲ್ಲಿನ ಹಾಗೆ ಬಾಗಿ ಬಂದು ಒದೆಯುವುದು ಅವರ ಅಭ್ಯಾಸ. ಚೆಂಡು ಕಂಬಗಳ ನಡುವೆ ಹೋಯಿತು. ಮರುಕ್ಷಣ ಗ್ಯಾಲರಿಯಿಂದ ಸಾವಿರಾರು ಜನ ಬೇಲಿ ಹಾರಿ ಮೈದಾನಕ್ಕೆ ಇಳಿದರು. ಅಪ್ಪಂದಿರು, ಮಕ್ಕಳು, ಮುದುಕರು. ಹುಲ್ಲು ಕಾಣದಷ್ಟು ಜನ. ಪಂದ್ಯ ಅರ್ಧ ಗಂಟೆಯಷ್ಟು ನಿಂತಿತು. ಅವರಿಗಿಂತ ಮುಂಚೆ ಈ ಸಂಖ್ಯೆ ಮುಟ್ಟಿದವರು ಐದೇ ಜನ.

ಮರುವರ್ಷ ಜುಲೈನಲ್ಲಿ ಮೀನಖಂಡಕ್ಕೆ ಪೆಟ್ಟಾಯಿತು. ಅಲ್ಲಿಗೆ ಸಾಕು ಅಂದರು. 354 ಪಂದ್ಯ, 1,066 ಗೋಲು, 36 ವರ್ಷ. ಬೀಳ್ಕೊಡುಗೆಯ ಪಂದ್ಯ ಇರಲಿಲ್ಲ. ಹೆಗಲ ಮೇಲೆ ಹೊತ್ತು ಹೊರಗೆ ಕರೆದೊಯ್ಯಲು ಜೊತೆಗಾರರಿಗೆ ಅವಕಾಶವೇ ಸಿಗಲಿಲ್ಲ.